ಕೇಪಿನ ಕೋವಿಯೂ ಒಂದು ನಿಮಿಷದ ತಾಳ್ಮೆಯೂ

ಕಾಸರಗೋಡಿನ ಪೂರ್ವದ ಗುಡ್ಡಗಳ ನಡುವೆ ಒಂದು ಅಡಿಕೆ ತೋಟದ ಮನೆ. ಆ ಮನೆಯ ಚಾವಡಿಯ ಗೋಡೆಯಲ್ಲಿ, ದೇವರ ಪಟಗಳಿಗಿಂತ ಒಂದು ಮೊಳ ಕೆಳಗೆ, ಎರಡು ಮರದ ಗೂಟಗಳಿವೆ. ಗೋಡೆಗೆ ಎಷ್ಟು ಸಲ ಬಣ್ಣ ಬಳಿದರೂ ಆ ಗೂಟಗಳನ್ನು ಯಾರೂ ಕಿತ್ತಿಲ್ಲ. ದಶಕಗಳ ಕಾಲ ಅವುಗಳ ಮೇಲೆ ಒರಗಿದ್ದ ಕೇಪಿನ ಕೋವಿಯು ಮನೆಯ ಅಜ್ಜನವರು ತೀರಿಕೊಂಡ ಬಳಿಕ ಪೊಲೀಸು ಠಾಣೆಯನ್ನು ಸೇರಿದೆ.

ಆ ಅಜ್ಜನ ಮೊಮ್ಮಗ ಹತ್ತನೆಯ ತರಗತಿಯ ತನಕ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿಯೇ ಓದಿದವನು. ಈಗ ಇಂಗ್ಲೆಂಡಿನಲ್ಲಿ ಇಂಜಿನಿಯರನಾಗಿ ದುಡಿಯುತ್ತಿದ್ದಾನೆ. ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಬಿಡುವಿನ ಹವ್ಯಾಸವನ್ನು ಅವನಿಗೆ ಪರಿಚಯಿಸಿದರು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕಾಲದ ಕೋವಿಗಳಿಂದ ಗುರಿ ಹೊಡೆಯುವವರ ಸಂಘವೊಂದರಲ್ಲಿ ಅವರು ಸದಸ್ಯರು. ಸದಸ್ಯತ್ವದ ಅರ್ಜಿಯ ನಮೂನೆ ಯುವಕನ ಕೈಗೆ ಬಂತು. ಅವನು ಅದಕ್ಕೆ ಸಹಿ ಹಾಕುವ ಮೊದಲು ಮನೆಗೆ ಕರೆಮಾಡಿ, “ಅಪ್ಪಾ, ನಮ್ಮ ಅಜ್ಜನದರಂಥದೇ ಕೋವಿಗಳು. ಸೇರಬಹುದೇ?” ಎಂದು ಕೇಳಿದ.

ಅಪ್ಪನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಏಕೆಂದರೆ ಅದೇ ದಿನಗಳಲ್ಲಿ ಅವರ ಮೇಜಿನ ಮೇಲೆಯೂ ಇನ್ನೊಂದು ಅರ್ಜಿಯಿತ್ತು. ತಂದೆಯ ಹೆಸರಿನಲ್ಲಿದ್ದ ಕೋವಿಯ ಲೈಸನ್ಸನ್ನು ಉತ್ತರಾಧಿಕಾರಿಯಾಗಿ ತಮ್ಮ ಹೆಸರಿಗೆ ಕೇಳುವ ಅರ್ಜಿ ಅದು. ಒಂದೇ ಬಗೆಯ ಕೋವಿಯ ಕುರಿತು ಒಂದೇ ಮನೆಯಲ್ಲಿ ಎರಡು ಪ್ರಶ್ನೆಗಳು ಹೀಗೆ ಒಟ್ಟಿಗೆ ಎದ್ದವು.

ಕೋವಿಯ ಕುಲ

ತುಳುವಿನಲ್ಲಿ ‘ಬೆಡಿ’ ಎಂದೂ ಕೊಡವ ಭಾಷೆಯಲ್ಲಿ ‘ತೋಕ್’ ಎಂದೂ ಕರೆಸಿಕೊಳ್ಳುವ ಈ ಆಯುಧಕ್ಕೆ ನಮ್ಮ ಭಾಗದಲ್ಲಿ ಎರಡು ಜಾತಿ. ಹಿಂದಿನಿಂದ ತೋಟೆ ಹಾಕುವುದು ತೋಟೆಕೋವಿ. ಮುಂದಿನಿಂದ ಮದ್ದನ್ನೂ ಗುಂಡನ್ನೂ ಇಳಿಸಿ, ಗಜವೆಂಬ ಉದ್ದನೆಯ ಸರಳಿನಿಂದ ಜಡಿದು, ಹಿಂಭಾಗದ ಮೊಲೆಯಂಥ ತುದಿಗೆ ತಾಮ್ರದ ಪುಟ್ಟ ಕೇಪನ್ನು ತೊಡಿಸಿ ಹಾರಿಸುವುದು ಕೇಪಿನ ಕೋವಿ. ಕುದುರೆ ಬಡಿದೊಡನೆ ಕೇಪು ಸಿಡಿದು ಅದರ ಕಿಡಿ ಒಳಗಿನ ಮದ್ದನ್ನು ಮುಟ್ಟುತ್ತದೆ. ಕೇಪು ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೂ ಮುಂಚೆ ಚಕಮಕಿ ಕಲ್ಲಿನ ಕಿಡಿ, ಇನ್ನೂ ಮುಂಚೆ ಹೊಗೆಯಾಡುವ ಬತ್ತಿ ಆ ಕೆಲಸವನ್ನು ಮಾಡುತ್ತಿದ್ದವು. ಪೆಟ್ಲುಪ್ಪು, ಇದ್ದಲು, ಗಂಧಕ ಸೇರಿದ ಕರಿಮದ್ದು ಮಾತ್ರ ಮೂರು ಕಾಲಕ್ಕೂ ಒಂದೇ.

ಭಾರತದ ಚರಿತ್ರೆಯನ್ನು ಓದುವ ಮಕ್ಕಳಿಗೆ ಈ ಕೋವಿಯ ಪರಿಚಯ ಬೇರೊಂದು ದಾರಿಯಿಂದ ಆಗಿರುತ್ತದೆ. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಲು ಒಪ್ಪದ ಕೊಬ್ಬಿನ ತೋಟೆ, ಬಾಯಿಯಿಂದ ಮದ್ದು ತುಂಬುವ ಎನ್‌ಫೀಲ್ಡ್ ಬಂದೂಕಿನದು. ಕಾಗದದ ಸುರುಳಿಯನ್ನು ಕಚ್ಚಿ ಹರಿದು, ಒಳಗಿನ ಮದ್ದನ್ನು ನಳಿಗೆಗೆ ಸುರಿಯಬೇಕಾಗಿದ್ದುದರಿಂದಲೇ ಬಾಯಿಗೂ ಬಂದೂಕಿಗೂ ಸಂಬಂಧ ಬಂದದ್ದು. ಅದೇ ವರ್ಷದ ಕೊನೆಯಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವ ಆಜ್ಞೆಯ ವಿರುದ್ಧ ದಂಗೆಯೆದ್ದರು. ಆ ಲಾವಣಿ ಕನ್ನಡದ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಇನ್ನೊಂದೆಡೆ ಕೊಡಗಿನವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ಆಯುಧ ಕಾನೂನಿನಿಂದ ವಿನಾಯಿತಿ ನೀಡಿದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ರಿಯಾಯಿತಿ ಇಂದೂ ಉಂಟು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಯ ಮೂತಿಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುವುದು, ಆ ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಸ್ಪರ್ಧಿಸುವುದು ಅಲ್ಲಿನ ವಾಡಿಕೆ.

ಹೊಗೆಯ ಸುತ್ತ ಕೂಡಿದ ಸಂಘಗಳು

ಯುದ್ಧಕ್ಕೂ ಬೇಟೆಗೂ ಬೇಡವಾದ ಮೇಲೆ ಈ ಕೋವಿಯನ್ನು ಉಳಿಸಿಕೊಂಡವರು ಹವ್ಯಾಸಿಗಳು. ಅಮೆರಿಕದಲ್ಲಿ 1933ರಲ್ಲಿ ಇಂಥವರ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಸಣ್ಣ ಹಳ್ಳಿಯೇ ಅದರ ನೆಲೆ. ಅಲ್ಲಿನ ವಾಲ್ಟರ್ ಕ್ಲೈನ್ ಮೈದಾನದಲ್ಲಿ ಹಳೆಯ ಕಾಲದ ಉಡುಪು ತೊಟ್ಟವರೂ ಸೇರಿದಂತೆ ಅನೇಕರು ಪಂದ್ಯಕ್ಕೆ ಕೂಡುತ್ತಾರೆ. ಬ್ರಿಟನ್ನಿನ ಸಂಘ 1952ರಲ್ಲಿ ಆರಂಭವಾಯಿತು. ದೇಶದೇಶಗಳ ಸಂಘಗಳನ್ನು ಒಂದೇ ನಿಯಮಾವಳಿಯ ಅಡಿಯಲ್ಲಿ ತರುವ ಅಂತಾರಾಷ್ಟ್ರೀಯ ಸಮಿತಿ 1971ರದು.

ಈ ಸಮಿತಿಯ ಸ್ಪರ್ಧೆಗಳ ಹೆಸರುಗಳಲ್ಲಿಯೇ ಚರಿತ್ರೆಯ ಪಾಠವಿದೆ. ಬತ್ತಿಕೋವಿಯ ಒಂದು ಸ್ಪರ್ಧೆಗೆ ‘ತನೆಗಾಶಿಮಾ’ ಎಂದು ಹೆಸರು. 1543ರಲ್ಲಿ ಪೋರ್ಚುಗೀಸರ ಮೂಲಕ ಜಪಾನಿಗೆ ಮೊದಲ ಕೋವಿಗಳು ಬಂದಿಳಿದ ದ್ವೀಪ ಅದು. ಸಾಮಾನ್ಯ ಗುರಿಪಂದ್ಯದಲ್ಲಿ ಮೂವತ್ತು ನಿಮಿಷಗಳೊಳಗೆ ಹದಿಮೂರು ಈಡು ಹಾರಿಸಬೇಕು. ಅವುಗಳಲ್ಲಿ ಉತ್ತಮವಾದ ಹತ್ತನ್ನು ಮಾತ್ರ ಎಣಿಸುತ್ತಾರೆ. ಅಂದರೆ ಒಂದು ಈಡಿಗೆ ಎರಡು ನಿಮಿಷಕ್ಕೂ ಹೆಚ್ಚು ಕಾಲ. ಅಳೆಯುವುದು, ಸುರಿಯುವುದು, ಜಡಿಯುವುದು, ಉಸಿರು ಹಿಡಿಯುವುದು ಎಲ್ಲಕ್ಕೂ ಅಷ್ಟು ಸಮಯ ಬೇಕು. ಅವಸರಕ್ಕೆ ಇಲ್ಲಿ ಬೆಲೆಯಿಲ್ಲ. ತಾಳ್ಮೆಯನ್ನೇ ಕ್ರೀಡೆಯಾಗಿಸಿದ ಈ ಗುಣವೇ ಆ ಯುವಕನನ್ನು ಸೆಳೆದದ್ದು.

ಅಜ್ಜಿ ಹೇಳಿದ್ದು

ಅಜ್ಜನ ಎಡಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ‘ಹಂದಿ ಬೇಟೆಯಲ್ಲಿ ಹೋದದ್ದು’ ಎಂಬ ಒಂದೇ ವಾಕ್ಯದಲ್ಲಿ ಮನೆಯವರು ಆ ಕಥೆಯನ್ನು ಮುಗಿಸುತ್ತಿದ್ದರು. ಮಕ್ಕಳು ಅದಕ್ಕೆ ತಮ್ಮದೇ ಹಂದಿಯನ್ನೂ ಕೋರೆದಾಡೆಯನ್ನೂ ಸೇರಿಸಿಕೊಂಡು ಶಾಲೆಯಲ್ಲಿ ಹೇಳಿದ್ದುಂಟು. ಮೊಮ್ಮಗನ ಪ್ರಶ್ನೆ ಬಂದ ಸಂಜೆ ಅಜ್ಜಿ ಮೊದಲ ಬಾರಿಗೆ ಪೂರ್ತಿ ವಿಷಯವನ್ನು ಹೇಳಿದರು. ಫೋನಿನ ಆಚೆ ಮೊಮ್ಮಗ, ಈಚೆ ಮಗ, ಒಂಬತ್ತನೆಯ ತರಗತಿಯ ಮೊಮ್ಮಗಳು ಕೇಳುತ್ತಿದ್ದರು.

“ಹಂದಿ ಬಂದೇ ಇರಲಿಲ್ಲ ಮಗಾ,” ಎಂದರು ಅಜ್ಜಿ. “ಆಟಿ ತಿಂಗಳು. ಮದ್ದಿಗೆ ಪಸೆ ಹಿಡಿದಿತ್ತು. ತೋಟದ ಬದಿಯಲ್ಲಿ ನಿಂತು ಹಾರಿಸಿದರು. ಕೇಪು ಮಾತ್ರ ಟಪ್ಪೆಂದಿತು, ಈಡು ಹಾರಲಿಲ್ಲ. ಕೋವಿಯನ್ನು ಇಳಿಸಿ, ಬಾಯಿಗೆ ಕೈಯಿಟ್ಟು ಏನಾಯಿತೆಂದು ನೋಡಹೋದರು. ಆಗ ಹಾರಿತು.”

ಆಸ್ಪತ್ರೆ ದೂರ, ಮಳೆ, ತುಂಬಿದ ಹೊಳೆ. ಜೀವ ಉಳಿಯಿತು. ಆದರೆ ಅಜ್ಜನವರು ಆಮೇಲೆ ಆ ಕೋವಿಯನ್ನು ಮುಟ್ಟಲಿಲ್ಲ. ಲೈಸನ್ಸನ್ನು ಮಾತ್ರ ತಪ್ಪದೆ ನವೀಕರಿಸುತ್ತಿದ್ದರು. ನಾಚಿಕೆಯಿಂದಲೋ ಗೌರವದಿಂದಲೋ ಕೋವಿ ಗೂಟದ ಮೇಲೆಯೇ ಉಳಿಯಿತು. ತಪ್ಪು ತನ್ನದೆಂದು ಹೇಳುವುದಕ್ಕಿಂತ ಹಂದಿಯ ಕಥೆ ಅವರಿಗೆ ಸುಲಭವಾಗಿತ್ತು.

ಸದಸ್ಯತ್ವದ ಅರ್ಜಿಯೊಂದಿಗೆ ಸಂಘವು ತನ್ನ ಸುರಕ್ಷತಾ ನಿಯಮಗಳನ್ನೂ ಕೊಟ್ಟಿತ್ತು. ಮೊಮ್ಮಗಳು ಅವನ್ನು ಅಜ್ಜಿಗಾಗಿ ಕನ್ನಡದಲ್ಲಿ ಬರೆದಳು. ಕುದುರೆ ಬಡಿದರೂ ಈಡು ತಕ್ಷಣ ಹಾರದೆ, ಒಳಗೆ ಕಿಡಿ ಉಳಿದು ತಡವಾಗಿ ಹಾರುವ ಸ್ಥಿತಿಗೆ ಇಂಗ್ಲಿಷಿನಲ್ಲಿ ಒಂದು ಹೆಸರಿತ್ತು. ಕನ್ನಡದಲ್ಲಿ ಏನೆಂದು ಬರೆಯುವುದೆಂದು ಅವಳಿಗೆ ತಿಳಿಯಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಮದ್ದು ಹೊಂಚುವುದು ಎಂದು ಬರೆ,” ಎಂದರು. ಅದರ ಮುಂದಿನ ನಿಯಮವನ್ನು ಹುಡುಗಿ ಗಟ್ಟಿಯಾಗಿ ಓದಿದಳು: ಮದ್ದು ಹೊಂಚಿದರೆ ಕೋವಿಯ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಬೇಕು, ಯಾರೂ ಮುಂದೆ ಹೋಗಬಾರದು, ಮೇಲ್ವಿಚಾರಕನನ್ನು ಕರೆಯಬೇಕು.

“ಒಂದು ನಿಮಿಷವೇ?” ಎಂದು ಅಜ್ಜಿ ಎರಡು ಸಲ ಕೇಳಿದರು.

ನಿಯಮಗಳ ಹಿಂದಿರುವ ಗಾಯಗಳು

ಇಂಥ ಸಂಘದ ಪ್ರತಿಯೊಂದು ನಿಯಮದ ಹಿಂದೆಯೂ ಎಲ್ಲೋ ಯಾರದೋ ಗಾಯವಿದೆ. ಮದ್ದಿನ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಒಂದೊಂದು ಈಡಿನ ಮದ್ದನ್ನು ಮೊದಲೇ ಅಳೆದು ಸಣ್ಣ ಕುಪ್ಪಿಗಳಲ್ಲಿ ಇಟ್ಟಿರಬೇಕು. ಹಿಂದಿನ ಈಡಿನ ಕೆಂಡದ ಚೂರು ಒಳಗೆ ಉಳಿದಿದ್ದರೆ ಕುಪ್ಪಿಯಷ್ಟೇ ಹೊತ್ತೀತು, ಇಡೀ ಬುರುಡೆ ಕೈಯಲ್ಲಿ ಸಿಡಿಯದು. ಗಜದ ಮೇಲೆ ಗೆರೆ ಕೊರೆದಿರಬೇಕು. ಖಾಲಿ ನಳಿಗೆಗೆ ಇಳಿಸಿದಾಗ ಒಂದು ಗೆರೆ, ಸರಿಯಾಗಿ ತುಂಬಿದಾಗ ಇನ್ನೊಂದು ಗೆರೆ. ಕೋವಿ ಖಾಲಿಯೋ, ತುಂಬಿದೆಯೋ, ಎರಡು ಸಲ ತುಂಬಿದೆಯೋ, ಗುಂಡು ಮದ್ದಿಗೆ ತಾಗದೆ ನಡುವೆ ನಿಂತಿದೆಯೋ ಎಂಬುದನ್ನು ಗಜವೇ ಹೇಳುತ್ತದೆ. ಗುಂಡು ನಡುವೆ ನಿಂತರೆ ನಳಿಗೆಯೇ ಒಡೆಯಬಹುದು.

ಎರಡು ಸಲ ತುಂಬುವ ತಪ್ಪು ಅನನುಭವಿಗಳದು ಮಾತ್ರವಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟಿಸ್‌ಬರ್ಗ್ ಕದನದ ಬಳಿಕ ರಣರಂಗದಿಂದ ಆಯ್ದು ತಂದ ಸುಮಾರು 27 ಸಾವಿರ ಬಂದೂಕುಗಳಲ್ಲಿ 24 ಸಾವಿರದಷ್ಟು ಇನ್ನೂ ತುಂಬಿಯೇ ಇದ್ದವೆಂದೂ, ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡುಗಳಿದ್ದವೆಂದೂ ದಾಖಲಾಗಿದೆ. ಗದ್ದಲದ ನಡುವೆ ತನ್ನ ಕೋವಿ ಹಾರಿತೋ ಇಲ್ಲವೋ ಎಂಬುದೇ ಸೈನಿಕನಿಗೆ ತಿಳಿಯದೆ ಹೋದುದಕ್ಕೆ ಇದು ಸಾಕ್ಷಿ.

ಉಳಿದ ನಿಯಮಗಳು ಸರಳವಾದರೂ ಕಡ್ಡಾಯವಾದವು. ಇಂದಿನ ಹೊಗೆರಹಿತ ಮದ್ದನ್ನು ಹಳೆಯ ಕೋವಿಗೆ ಎಂದೂ ಹಾಕಬಾರದು. ಅದರ ಒತ್ತಡವನ್ನು ಆ ಕಬ್ಬಿಣ ತಾಳದು. ಕಣ್ಣಿಗೂ ಕಿವಿಗೂ ರಕ್ಷೆ ಬೇಕು. ಸೀಸದ ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ಏನನ್ನೂ ತಿನ್ನಬಾರದು. ಆ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು; ಕರಿಮದ್ದಿನ ಮಸಿ ಗಾಳಿಯ ಪಸೆಯನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ.

ಮದ್ದಿನ ಅಪಾಯ ಕಾಸರಗೋಡಿನವರಿಗೆ ಹೊಸತಲ್ಲ. ಜಾತ್ರೆಯ ಕದಿನವನ್ನು ನೋಡುತ್ತಲೇ ಇಲ್ಲಿನ ಮಕ್ಕಳು ಬೆಳೆದಿದ್ದಾರೆ. 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ಕಳಿಯಾಟದ ವೇಳೆ ಸಂಗ್ರಹಿಸಿಟ್ಟಿದ್ದ ಸಿಡಿಮದ್ದಿಗೆ ಕಿಡಿ ತಗುಲಿ ಸಂಭವಿಸಿದ ದುರಂತವನ್ನು ಈ ಜಿಲ್ಲೆ ಮರೆತಿಲ್ಲ.

ಅತಿಥಿಯಾಗಿ ಒಂದು ದಿನ

ಅರ್ಜಿ ತುಂಬುವ ಮೊದಲು ಯುವಕನು ಸಂಘದ ಅತಿಥಿ ದಿನದಂದು ಮೈದಾನಕ್ಕೆ ಹೋಗಿ ಬಂದ. ಅವನು ಮನೆಗೆ ಬರೆದ ಪತ್ರದಲ್ಲಿ ಗುರಿಯ ವಿಷಯ ಕಡಿಮೆ, ಕಾಯುವ ವಿಷಯ ಹೆಚ್ಚು. ಮೊದಲ ಅರ್ಧ ದಿನ ಅವನ ಕೈಗೆ ಕೋವಿಯನ್ನೇ ಕೊಡಲಿಲ್ಲ. ವಯಸ್ಸಾದ ಮಹಿಳೆಯೊಬ್ಬರು ಗಜದ ಗೆರೆಗಳನ್ನು ಓದುವುದನ್ನು ಕಲಿಸಿದರು. ಪಕ್ಕದ ಸಾಲಿನಲ್ಲಿ ಒಬ್ಬರ ಈಡು ಹಾರದೆ ನಿಂತಿತು. ಆತ ಕೋವಿಯನ್ನು ಗುರಿಯತ್ತ ಹಿಡಿದಂತೆಯೇ ಎಡಗೈ ಎತ್ತಿದರು. ಇಡೀ ಸಾಲು ಸ್ತಬ್ಧವಾಯಿತು. ಮೇಲ್ವಿಚಾರಕರು ಗಡಿಯಾರ ನೋಡುತ್ತ ನಿಂತರು. ಯಾರೂ ನಗಲಿಲ್ಲ, ಯಾರೂ ಅವಸರಪಡಿಸಲಿಲ್ಲ. ‘ಆ ಒಂದು ನಿಮಿಷದಲ್ಲಿ ನಾನು ನಮ್ಮ ತೋಟದ ಬದಿಯಲ್ಲಿ ನಿಂತಿದ್ದೆ, ಅಜ್ಜೀ’ ಎಂದು ಅವನು ಬರೆದಿದ್ದ.

ಬ್ರಿಟನ್ನಿನ ಕಾನೂನು ಈ ಹವ್ಯಾಸವನ್ನು ಸಡಿಲವಾಗಿ ಬಿಟ್ಟಿಲ್ಲ. ಸರಕಾರದ ಮನ್ನಣೆ ಪಡೆದ ಸಂಘದಲ್ಲಿ ಹೊಸಬನು ಕನಿಷ್ಠ ಮೂರು ತಿಂಗಳು ಪರೀಕ್ಷಾರ್ಥ ಸದಸ್ಯನಾಗಿರಬೇಕು. ಆ ಅವಧಿಯಲ್ಲಿ ಸಂಘದ ಕೋವಿಯನ್ನು ಸಂಘದವರ ಕಣ್ಣೆದುರಿನಲ್ಲಿ ಬಳಸಬಹುದು. ಸ್ವಂತ ಕೋವಿ ಬೇಕಾದರೆ ಪೊಲೀಸರ ಪ್ರಮಾಣಪತ್ರ, ಕರಿಮದ್ದು ಇಟ್ಟುಕೊಳ್ಳಬೇಕಾದರೆ ಸ್ಫೋಟಕದ ಪ್ರತ್ಯೇಕ ಪ್ರಮಾಣಪತ್ರ ಬೇಕು. ಗೋಡೆಯ ಅಲಂಕಾರಕ್ಕೆಂದು ಇಟ್ಟ ಪುರಾತನ ಕೋವಿಗೆ ಸಿಗುವ ರಿಯಾಯಿತಿ, ಅದನ್ನು ಹಾರಿಸಬೇಕೆಂದ ಕ್ಷಣದಲ್ಲಿ ಇಲ್ಲವಾಗುತ್ತದೆ.

ಅಮೆರಿಕದಲ್ಲಿರುವವರಿಗೆ ಲೆಕ್ಕ ಬೇರೆ. ಅಲ್ಲಿನ ಕೇಂದ್ರ ಕಾನೂನು ತಾತ್ಕಾಲಿಕ ವೀಸಾದವರಿಗೆ ಬಂದೂಕು ಹೊಂದುವುದನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷೇಧಿಸುತ್ತದೆ. ಆದರೆ ಕರಿಮದ್ದಿನ ಹಳೆಯ ಮಾದರಿಯ ಕೋವಿಗಳನ್ನು ಸಾಮಾನ್ಯವಾಗಿ ಅದೇ ಕಾನೂನು ‘ಬಂದೂಕು’ ಎಂದು ಎಣಿಸುವುದಿಲ್ಲ. ಹಾಗೆಂದು ಧೈರ್ಯಪಡುವಂತಿಲ್ಲ. ರಾಜ್ಯರಾಜ್ಯಕ್ಕೂ ಕಾನೂನು ಬೇರೆಯಾದುದರಿಂದ, ಒಂದು ತಪ್ಪು ಹೆಜ್ಜೆಗೆ ವೀಸಾವನ್ನೇ ತೆರಬೇಕಾದೀತು. ಬಲ್ಲ ವಕೀಲರನ್ನು ಕೇಳದೆ ಮುಂದುವರಿಯುವುದು ಸರಿಯಲ್ಲ.

ಠಾಣೆಯಲ್ಲಿರುವ ಕೋವಿ

ಇತ್ತ ಅಪ್ಪನ ಮೇಜಿನ ಮೇಲಿನ ಅರ್ಜಿ ಹಾಗೆಯೇ ಇತ್ತು. ಭಾರತದ 1959ರ ಆಯುಧ ಕಾಯಿದೆ ಕೇಪಿನ ಕೋವಿಯನ್ನು ಹೆಸರಿಸಿಯೇ ನೆನೆದಿದೆ. ನಿಜವಾದ ಬೆಳೆರಕ್ಷಣೆಗಾಗಿ ನಾಗರಿಕನೊಬ್ಬನು ಕೇಳಬಹುದಾದ ಆಯುಧವೆಂದರೆ ಬಾಯಿಯಿಂದ ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ. ಲೈಸನ್ಸುದಾರನು ತೀರಿಕೊಂಡರೆ ಕೋವಿಯನ್ನು ಠಾಣೆಯಲ್ಲಿಯೋ ಅಧಿಕೃತ ವ್ಯಾಪಾರಿಯಲ್ಲಿಯೋ ಒಪ್ಪಿಸಬೇಕು. ಆ ಬಳಿಕ ವಾರಸುದಾರನು ತನ್ನ ಹೆಸರಿಗೆ ಲೈಸನ್ಸು ಕೇಳಬಹುದು, ಇಲ್ಲವೇ ಅರ್ಹರಿಗೆ ಮಾರಬಹುದು. ಅವಧಿ ಮೀರಿದರೆ ಅದು ಸರಕಾರದ ಸೊತ್ತಾಗುತ್ತದೆ. 2019ರ ತಿದ್ದುಪಡಿಯ ನಂತರ ಲೈಸನ್ಸಿನ ಅವಧಿ ಐದು ವರ್ಷ.

ಹಂದಿಯ ಕಾಟವೇನೂ ಕಡಿಮೆಯಾಗಿಲ್ಲ. ಮರಗೆಣಸು, ಬಾಳೆ, ಎಳೆಯ ತೆಂಗು ಯಾವುದೂ ಉಳಿಯುವುದಿಲ್ಲವೆಂಬುದು ಗಡಿನಾಡಿನ ಎಲ್ಲ ಕೃಷಿಕರ ಅಳಲು. ಆದರೂ ಹಂದಿಯನ್ನು ಕೊಲ್ಲುವುದಕ್ಕೆ ಕೋವಿಯ ಲೈಸನ್ಸೊಂದೇ ಅನುಮತಿಯಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಅಡ್ಡ ನಿಂತಿದೆ. ಕೇರಳದಲ್ಲಿ 2022ರಿಂದ ಬೆಳೆನಾಶ ಮಾಡುವ ಹಂದಿಗಳ ವಿಷಯದಲ್ಲಿ ಆದೇಶ ನೀಡುವ ಅಧಿಕಾರವನ್ನು ಸ್ಥಳೀಯಾಡಳಿತದ ಮುಖ್ಯಸ್ಥರಿಗೆ ಕೊಡಲಾಗಿದೆ. ಪಂಚಾಯತಿನ ಪಟ್ಟಿಯಲ್ಲಿರುವ ಲೈಸನ್ಸುದಾರರು ಆ ಕೆಲಸಕ್ಕೆ ಬರುತ್ತಾರೆ.

ಅಪ್ಪನಿಗೆ ಇವತ್ತೈದು ದಾಟಿದೆ. ಕೋವಿ ಹಾರಿಸಿ ಗೊತ್ತಿಲ್ಲ. ಕಲಿಸುತ್ತಿದ್ದ ಹಿರಿಯರು ಇಲ್ಲ. ಅವರ ಊರಿನ ಸುತ್ತ ಕಲಿಸುವ ಸಂಘವೂ ಇಲ್ಲ. ಮಗನ ಪತ್ರವನ್ನು ಇನ್ನೊಮ್ಮೆ ಓದಿದ ಮೇಲೆ ಅವರು ತಮ್ಮ ಅರ್ಜಿಯನ್ನು ಹರಿದುಹಾಕಿದರು. ಕೋವಿಯನ್ನು ಲೈಸನ್ಸಿರುವ ದೂರದ ಬಂಧುವೊಬ್ಬರಿಗೆ ಕ್ರಮಪ್ರಕಾರ ವರ್ಗಾಯಿಸಲು ಕೇಳಿಕೊಳ್ಳುವುದೆಂದು ನಿಶ್ಚಯಿಸಿದರು. ಅದೇ ರಾತ್ರಿ ಮಗನಿಗೆ, “ನೀನು ಸೇರು. ನಾನು ಲೈಸನ್ಸು ಕೇಳುವುದಿಲ್ಲ,” ಎಂದರು.

ಒಂದೇ ಪ್ರಶ್ನೆಗೆ ಎರಡು ಉತ್ತರಗಳೆಂದು ಮಗಳಿಗೆ ಅಚ್ಚರಿಯಾಯಿತು. ಅಜ್ಜಿಗೆ ಆಗಲಿಲ್ಲ. “ಅಲ್ಲಿ ಕಾಯಲಿಕ್ಕೆ ಹೇಳುವವರಿದ್ದಾರೆ. ಇಲ್ಲಿ ನಿಮ್ಮ ಅಜ್ಜನಿಗೆ ಹೇಳುವವರು ಯಾರಿದ್ದರು?” ಎಂದರು.

ಸೇರುವ ಮುನ್ನ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳು ಇಂದು ಲೋಕದ ಎಲ್ಲ ಮೂಲೆಗಳಲ್ಲಿಯೂ ಇದ್ದಾರೆ. ಬೆಟ್ಟ ಹತ್ತುವ ಕೂಟವಿರಲಿ, ದೋಣಿಯ ಕೂಟವಿರಲಿ, ಕೋವಿಯ ಕೂಟವಿರಲಿ, ಮನೆಗೆ ಇಂಥ ಪ್ರಶ್ನೆ ಬರುವುದು ಸಹಜ. ಕೋವಿಯೆಂದೊಡನೆ ಬೇಡವೆನ್ನುವುದೂ ಅಜ್ಜನ ನೆನಪಿಗೆ ಸೋತು ಹೂಂಗುಟ್ಟುವುದೂ ಸುಲಭ. ಅವೆರಡಕ್ಕಿಂತ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಹಿತ.

ಹೊಸಬರಿಗೆ ಕಲಿಸುವವರು ಯಾರು, ಎಷ್ಟು ಕಾಲ ಕಲಿಸುತ್ತಾರೆ? ಮೊದಲ ದಿನವೇ ಕೋವಿ ಕೈಗೆ ಕೊಡುವ ಸಂಘಕ್ಕಿಂತ, ಕೊಡದ ಸಂಘ ಮೇಲು. ಸ್ವಂತ ಕೋವಿ ಕೊಳ್ಳದೆ ಸಂಘದ ಕೋವಿಯಿಂದ ಅಭ್ಯಾಸ ಮಾಡಬಹುದೇ? ಅಪಘಾತಕ್ಕೆ ವಿಮೆಯಿದೆಯೇ? ಮದ್ದನ್ನು ಎಲ್ಲಿ ಇಡುತ್ತಾರೆ? ಚಿಕ್ಕ ಮಕ್ಕಳಿರುವ ಬಾಡಿಗೆ ಮನೆಗೆ ಅದನ್ನು ತರಬೇಕಾಗುವುದೇ? ಆ ದೇಶದಲ್ಲಿ ತನ್ನ ವೀಸಾಕ್ಕೆ ಅನುಮತಿಯುಂಟೇ? ತಪ್ಪು ನಡೆದಾಗ ಅದನ್ನು ಒಪ್ಪಿ ಹೇಳುವ ರೂಢಿ ಅಲ್ಲಿದೆಯೇ, ಅಥವಾ ಹಂದಿಯ ಕಥೆ ಕಟ್ಟುತ್ತಾರೆಯೇ? ಕೊನೆಯ ಪ್ರಶ್ನೆಗೆ ನಿಯಮಪುಸ್ತಕದಲ್ಲಿ ಉತ್ತರ ಸಿಗದು. ಅತಿಥಿಯಾಗಿ ಒಂದು ದಿನ ಕಳೆದರೆ ಸಿಕ್ಕೀತು.

ಯುವಕನೀಗ ಪರೀಕ್ಷಾರ್ಥ ಸದಸ್ಯ. ತಂಗಿ ಕನ್ನಡದಲ್ಲಿ ಬರೆದ ನಿಯಮಗಳ ಹಾಳೆಯನ್ನು ತರಿಸಿಕೊಂಡು ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಾನೆ. ಊರಿನ ಮನೆಯ ಗೋಡೆಯಲ್ಲಿ ಗೂಟಗಳು ಇನ್ನೂ ಇವೆ. ಅವುಗಳ ಮೇಲೆ ಸದ್ಯಕ್ಕೆ ಅಜ್ಜಿಯ ಕೊಡೆ ಇದೆ.